ತಗ್ಗಿದ್ದು ಪ್ರೋಟೀನು, ತಗ್ಗಿತೇ ರೋಗ?

ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ಬಳಿ ಇರುವ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಗಳು ಆಗಾಗ ಬರುತ್ತಾರೆ. ತಿಂಡಿ ಬೀದಿಗೆ ಬಂದವರು ಮೇಷ್ಟ್ರನ್ನೂ ಮಾತಾಡಿಸಿಕೊಂಡು ಹೋಗೋಣ ಎಂದು ಬರುವುದೇ ಹೆಚ್ಚು. 2025ರ ಅಕ್ಟೋಬರ್ ತಿಂಗಳ ಒಂದು ಸಂಜೆ ಬಂದವನು ಹಾಗೆ ಬಂದಿರಲಿಲ್ಲ. ಅವನ ತಾಯಿಗೆ ಹಂಟಿಂಗ್ಟನ್ ಕಾಯಿಲೆ. ಕೆಲವು ವರ್ಷಗಳಿಂದ ಅವರನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದಾನೆ. ಅವನ ಜೇಬಿನಲ್ಲಿ ಮಡಿಸಿದ ಪತ್ರಿಕೆಯ ತುಣುಕೊಂದಿತ್ತು. ಮೆದುಳಿನಲ್ಲಿ ವಿಷಕಾರಿ ಪ್ರೋಟೀನು ತಯಾರಾಗುವುದನ್ನು ತಗ್ಗಿಸುವ ಹೊಸ ಚಿಕಿತ್ಸೆಯಿಂದ ರೋಗ ಶೇಕಡಾ 75ರಷ್ಟು ನಿಧಾನವಾಯಿತೆಂದು ಅದರಲ್ಲಿತ್ತು.

"ಸರ್, ಎಪ್ಪತ್ತೈದು ಪರ್ಸೆಂಟ್ ಅಂದ್ರೆ ನಾಲ್ಕು ಜನರಲ್ಲಿ ಮೂರು ಜನಕ್ಕೆ ವಾಸಿ ಆಯ್ತು ಅಂತ ತಾನೆ?" ಎಂದು ಕೇಳಿದ.

ಹಾಗೆ ಕೇಳಿದವನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವ ಅಧ್ಯಾಪಕ. ದರ ಎಂದರೇನು, ಪ್ರಮಾಣ ಎಂದರೇನು ಎಂಬುದನ್ನು ನಾನೇ ಅವನಿಗೆ ಕಲಿಸಿದ್ದೆ. ಹೀಗಿರುವಾಗ ತಪ್ಪು ಅವನೊಬ್ಬನದಲ್ಲ. ಇಂಥ ಸುದ್ದಿಗಳನ್ನು ಬರೆಯುವ ರೀತಿಯಲ್ಲೂ, ಅವುಗಳ ಹಿಂದಿರುವ ವಿಚಾರವನ್ನು ನಾವು ತರಗತಿಯಲ್ಲಿ ಹೇಳುವ ರೀತಿಯಲ್ಲೂ ಏನೋ ಕೊರತೆಯಿದೆ. ನಾನು ವೈದ್ಯನಲ್ಲ, ಜೀವವಿಜ್ಞಾನಿಯೂ ಅಲ್ಲ. ಆದರೆ ಅಳತೆ, ದರ, ಹೋಲಿಕೆ ಇವು ಭೌತವಿಜ್ಞಾನದವರಿಗೆ ನಿತ್ಯದ ಕೆಲಸ. 'ಕೆಟ್ಟ ಪ್ರೋಟೀನನ್ನು ತಗ್ಗಿಸಿದರೆ ರೋಗವೂ ತಗ್ಗುತ್ತದೆ' ಎಂಬ ವಾದವನ್ನು ಆ ಕಣ್ಣಿನಿಂದ ಪರೀಕ್ಷಿಸಿ ನೋಡೋಣ.

ವಿಷವೆಂಬ ಪದದ ತೊಡಕು

ಮೊದಲು ರೋಗದ ಪರಿಚಯ. ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುವ ಈ ರೋಗದಲ್ಲಿ ಕೈಕಾಲುಗಳು ಹತೋಟಿ ಮೀರಿ ಅಲುಗುತ್ತವೆ. ಮನಸ್ಸಿನ ಸ್ಥಿತಿ, ಆಲೋಚನೆಯ ಶಕ್ತಿ ಕ್ರಮೇಣ ಕುಂದುತ್ತವೆ. ತಾಯಿ ಅಥವಾ ತಂದೆಗೆ ಈ ರೋಗವಿದ್ದರೆ, ದೋಷವಿರುವ ಜೀನ್ ಪ್ರತಿಯೊಂದು ಮಗುವಿಗೂ ಬರುವ ಸಂಭವ ಶೇಕಡಾ 50. ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು. ಅದು ನಾಲ್ಕನೆಯ ವರ್ಣತಂತುವಿನಲ್ಲಿದೆ. ಅದರಲ್ಲಿ ಸಿಎಜಿ ಎಂಬ ಮೂರಕ್ಷರದ ಸಂಕೇತ ಒಂದರ ಹಿಂದೊಂದು ಪುನರಾವರ್ತನೆಯಾಗುತ್ತದೆ. ಈ ಪುನರಾವರ್ತನೆ 26ರ ಒಳಗಿದ್ದರೆ ತೊಂದರೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಸಹಜ ಆಯುಷ್ಯವಿರುವ ವ್ಯಕ್ತಿಗೆ ರೋಗ ಬಂದೇ ಬರುತ್ತದೆ. ಇಂಥ ಜೀನ್‌ನ ಆದೇಶದಂತೆ ತಯಾರಾಗುವ 'ಹಂಟಿಂಗ್ಟಿನ್' ಎಂಬ ಪ್ರೋಟೀನಿನಲ್ಲಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಸರಪಳಿ ಉದ್ದವಾಗಿರುತ್ತದೆ. ಆ ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳದೆ, ಅದರ ತುಣುಕುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ.

ನಾವು ಇದನ್ನು 'ವಿಷಕಾರಿ ಪ್ರೋಟೀನು' ಎಂದು ಕರೆಯುತ್ತೇವೆ. ಈ ಪದವೇ ಮೊದಲ ತೊಡಕು. ವಿಷವೆಂದೊಡನೆ ಹೊಲಕ್ಕೆ ಸಿಂಪಡಿಸುವ ಕೀಟನಾಶಕದಂತೆ ಹೊರಗಿನಿಂದ ಬಂದದ್ದು, ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಎಂಬ ಭಾವನೆ ಬರುತ್ತದೆ. ಹಂಟಿಂಗ್ಟಿನ್ ಹಾಗಲ್ಲ. ಅದು ನಮ್ಮ ದೇಹಕ್ಕೆ ಬೇಕಾದ ಪ್ರೋಟೀನು. ಆ ಜೀನ್‌ನ ಎರಡು ಪ್ರತಿಗಳನ್ನೂ ತೆಗೆದುಹಾಕಿದ ಇಲಿಗಳು ಭ್ರೂಣಾವಸ್ಥೆಯಲ್ಲೇ ಸಾಯುತ್ತವೆಂದು 1995ರಲ್ಲಿ ಮೂರು ಪ್ರಯೋಗಾಲಯಗಳು ತೋರಿಸಿದವು. ರೋಗಿಯ ಜೀವಕೋಶದಲ್ಲಿ ಒಂದು ಪ್ರತಿ ಸರಿಯಾಗಿದೆ, ಇನ್ನೊಂದು ದೋಷಯುಕ್ತ. ಒಂದನ್ನು ತಗ್ಗಿಸುವಾಗ ಇನ್ನೊಂದೂ ತಗ್ಗಿದರೆ ಗತಿಯೇನು ಎಂಬ ಪ್ರಶ್ನೆಯನ್ನು 'ವಿಷ' ಎಂಬ ಪದ ಮರೆಮಾಡಿಬಿಡುತ್ತದೆ.

ತೊಟ್ಟಿ, ನಲ್ಲಿ ಮತ್ತು ತೂಬು

ವಾದದ ತಿರುಳು ಸರಳ. ನಮ್ಮ ಮನೆಗಳ ಮೇಲಿರುವ ನೀರಿನ ತೊಟ್ಟಿಯನ್ನು ನೆನೆಯಿರಿ. ಮೇಲಿನ ನಲ್ಲಿಯಿಂದ ನೀರು ಬೀಳುತ್ತದೆ, ಕೆಳಗಿನ ತೂಬಿನಿಂದ ಹೋಗುತ್ತದೆ. ಎರಡೂ ಸಮನಾದಾಗ ಮಟ್ಟ ಸ್ಥಿರವಾಗುತ್ತದೆ. ಜೀವಕೋಶದಲ್ಲೂ ಪ್ರೋಟೀನು ನಿರಂತರವಾಗಿ ತಯಾರಾಗುತ್ತದೆ, ನಿರಂತರವಾಗಿ ವಿಲೇವಾರಿಯಾಗುತ್ತದೆ. ತೊಟ್ಟಿಯ ಹೊರಹರಿವು ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಸಬಹುದು. ಪ್ರೋಟೀನಿನ ವಿಷಯದಲ್ಲಿ ಇರುವುದರ ಒಂದು ನಿಶ್ಚಿತ ಅಂಶ ದಿನವೂ ನಾಶವಾಗುತ್ತದೆಂದು ಭಾವಿಸೋಣ. ಆಗ,

ಸ್ಥಿರ ಮಟ್ಟ = ತಯಾರಿಕೆಯ ದರ ÷ ವಿಲೇವಾರಿಯ ನಿಯತಾಂಕ

ಒಂದು ಕಲ್ಪಿತ ಲೆಕ್ಕ ನೋಡಿ. ದಿನಕ್ಕೆ 100 ಅಣು ತಯಾರಾಗಿ, ಇರುವುದರಲ್ಲಿ ಹತ್ತನೆಯ ಒಂದು ಭಾಗ ದಿನವೂ ಹೋಗುತ್ತಿದ್ದರೆ ಸ್ಥಿರ ಮಟ್ಟ 1000. ತಯಾರಿಕೆಯನ್ನು 50ಕ್ಕೆ ಇಳಿಸಿದರೆ ಹೊಸ ಮಟ್ಟ 500. ಆದರೆ ಅದು ತಟ್ಟನೆ ಬರುವುದಿಲ್ಲ. 750ಕ್ಕೆ ಬರಲು ಸುಮಾರು 7 ದಿನ ಬೇಕು, 625ಕ್ಕೆ ಇನ್ನೂ 7 ದಿನ. ನಲ್ಲಿಯನ್ನು ಮುಟ್ಟದೆ ತೂಬನ್ನು ಎರಡರಷ್ಟು ಹಿಗ್ಗಿಸಿದರೂ ಮಟ್ಟ 500ಕ್ಕೇ ನಿಲ್ಲುತ್ತದೆ, ಆದರೆ ಸುಮಾರು ಅರ್ಧದಷ್ಟು ಕಾಲದಲ್ಲಿ. ಎಲ್ಲಿಗೆ ತಲುಪುತ್ತೇವೆಂಬುದನ್ನು ಎರಡೂ ಸಂಖ್ಯೆಗಳು ನಿರ್ಧರಿಸುತ್ತವೆ. ಎಷ್ಟು ಬೇಗ ತಲುಪುತ್ತೇವೆಂಬುದನ್ನು ತೂಬು ಮಾತ್ರ.

ಗಂಟುಕಟ್ಟುವಿಕೆಯಲ್ಲಿ ಇನ್ನೊಂದು ವಿಶೇಷವಿದೆ. ಗಂಟು ಶುರುವಾಗಲು ಮೂರು ಅಣುಗಳು ಒಟ್ಟಿಗೆ ಸಂಧಿಸಬೇಕೆಂದಿಟ್ಟುಕೊಳ್ಳಿ. ಸಾಂದ್ರತೆ ಅರ್ಧವಾದರೆ ಅಂಥ ಸಂಧಿಯ ದರ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಪ್ರೋಟೀನನ್ನು ಪೂರ್ತಿ ನಿಲ್ಲಿಸದೆ ಒಂದಿಷ್ಟು ತಗ್ಗಿಸಿದರೂ ದೊಡ್ಡ ಲಾಭ ಸಿಗಬಹುದೆಂಬ ಆಸೆಗೆ ಆಧಾರವಿದೆ. ಪ್ರಯೋಗದ ಬೆಂಬಲವೂ ಇದೆ. 2000ದಲ್ಲಿ ಯಮಾಮೊಟೊ, ಲುಕಾಸ್, ಹೆನ್ ಎಂಬ ಮೂವರು, ಬೇಕೆಂದಾಗ ಆರಿಸಬಹುದಾದ ದೋಷಯುಕ್ತ ಜೀನ್ ಇರುವ ಇಲಿಗಳನ್ನು ರೂಪಿಸಿದರು. ರೋಗಲಕ್ಷಣ ಕಂಡ ಮೇಲೆ ಜೀನನ್ನು ಆರಿಸಿದಾಗ ಗಂಟುಗಳು ಕರಗಿದವು, ಇಲಿಗಳ ಚಲನೆಯೂ ಸುಧಾರಿಸಿತು. ಇಲ್ಲಿಯವರೆಗೆ ವಾದ ಗಟ್ಟಿಯಾಗಿದೆ. ಮನುಷ್ಯರಿಗೆ ಬಂದಾಗ ಏನಾಯಿತು?

2017ರ ಸಂಭ್ರಮ, 2021ರ ಪಾಠ

ಜೀನ್‌ನ ಆದೇಶ ಪ್ರೋಟೀನು ತಯಾರಿಸುವ ಘಟಕಕ್ಕೆ ತಲುಪುವುದು ಸಂದೇಶವಾಹಕ ಆರ್‌ಎನ್‌ಎ ಮೂಲಕ. ಆ ಸಂದೇಶಕ್ಕೆ ಪೂರಕವಾದ ಅಕ್ಷರಗಳಿರುವ, ಸುಮಾರು ಇಪ್ಪತ್ತು ಅಕ್ಷರ ಉದ್ದದ ಎಳೆಯನ್ನು ಕೃತಕವಾಗಿ ತಯಾರಿಸಿ ಕೊಟ್ಟರೆ ಅದು ಸಂದೇಶಕ್ಕೆ ಅಂಟಿಕೊಳ್ಳುತ್ತದೆ. ಕೋಶದಲ್ಲೇ ಇರುವ ಕಿಣ್ವವೊಂದು ಆ ಜೋಡಿಯನ್ನು ಗುರುತಿಸಿ ಸಂದೇಶವನ್ನು ಕತ್ತರಿಸುತ್ತದೆ. ಪತ್ರ ಬರೆದದ್ದಾಯಿತು, ಆದರೆ ದಾರಿಯಲ್ಲೇ ಹರಿದುಹೋಯಿತು. ಇಂಥ ಎಳೆಗೆ ಆಂಟಿಸೆನ್ಸ್ ಎನ್ನುತ್ತಾರೆ.

ಟೊಮಿನರ್ಸೆನ್ ಎಂಬ ಆಂಟಿಸೆನ್ಸ್ ಔಷಧಿಯನ್ನು ಬೆನ್ನುಹುರಿಯ ದ್ರವದೊಳಕ್ಕೆ ಚುಚ್ಚಿ 46 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ದೋಷಯುಕ್ತ ಪ್ರೋಟೀನು ಆ ದ್ರವದಲ್ಲಿ ತಗ್ಗಿತೆಂಬ ಸುದ್ದಿ 2017ರ ಡಿಸೆಂಬರ್‌ನಲ್ಲಿ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. 2019ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ, ಅತಿ ಹೆಚ್ಚು ಪ್ರಮಾಣದ ಎರಡು ಗುಂಪುಗಳಲ್ಲಿ ಇಳಿಕೆ ಸುಮಾರು ಶೇಕಡಾ 40. ಅಳತೆ ನಿಜವೇ. ಸುರಕ್ಷತೆಗಾಗಿ ಮಾಡಿದ ಆ ಪ್ರಯೋಗ ರೋಗ ನಿಧಾನವಾಯಿತೇ ಎಂಬುದನ್ನು ನಿರ್ಧರಿಸುವಂತಿರಲಿಲ್ಲ.

ಆ ಪ್ರಶ್ನೆಯನ್ನೇ ಕೇಳಲು 791 ಜನರ ದೊಡ್ಡ ಪ್ರಯೋಗ ನಡೆಯಿತು. ಕೆಲವರಿಗೆ 8 ವಾರಕ್ಕೊಮ್ಮೆ, ಕೆಲವರಿಗೆ 16 ವಾರಕ್ಕೊಮ್ಮೆ ಔಷಧಿ, ಉಳಿದವರಿಗೆ ಹುಸಿಮದ್ದು. 2021ರ ಮಾರ್ಚ್‌ನಲ್ಲಿ ಸ್ವತಂತ್ರ ಸಮಿತಿಯ ಸಲಹೆಯಂತೆ ಔಷಧಿ ನೀಡುವುದನ್ನು ನಿಲ್ಲಿಸಿದರು. 16 ವಾರದ ಗುಂಪಿಗೆ ಹುಸಿಮದ್ದಿನವರಿಗಿಂತ ಲಾಭವಾಗಿರಲಿಲ್ಲ. ಹೆಚ್ಚು ಔಷಧಿ ಪಡೆದ 8 ವಾರದ ಗುಂಪಿನ ಸ್ಥಿತಿ ಹುಸಿಮದ್ದಿನವರಿಗಿಂತ ಕೆಟ್ಟಿತ್ತು. ಪ್ರೋಟೀನು ಮಾತ್ರ ಈ ಬಾರಿಯೂ ತಗ್ಗಿತ್ತು.

ಮತ್ತೆ ಓದಿ ನೋಡಿ: ಪ್ರೋಟೀನು ತಗ್ಗಿತ್ತು, ರೋಗ ತಗ್ಗಲಿಲ್ಲ. ಪ್ರತಿ ತರಗತಿಯಲ್ಲೂ ಹೇಳಬೇಕಾದ ಪಾಠ ಇದು.

ಎಲ್ಲಿ, ಯಾವುದು, ಯಾವಾಗ?

ಹೀಗೇಕಾಯಿತೆಂಬುದಕ್ಕೆ ಕೊನೆಯ ಉತ್ತರ ಸಿಕ್ಕಿಲ್ಲ. ಆದರೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳು ಸ್ಪಷ್ಟವಾಗಿವೆ.

ಅಳೆದದ್ದು ಎಲ್ಲಿ? ವೃಷಭಾವತಿ ನಮ್ಮ ಬಸವನಗುಡಿಯಲ್ಲಿ ಹುಟ್ಟಿ ಕೆಂಗೇರಿಯ ಕಡೆಗೆ ಹರಿಯುತ್ತದೆ. ಕೆಂಗೇರಿಯಲ್ಲಿ ಒಂದು ಬಾಟಲಿ ನೀರು ತೆಗೆದರೆ ಊರಿನ ಒಟ್ಟು ಕೊಳೆ ತಿಳಿದೀತು, ಯಾವ ಬೀದಿಯ ಯಾವ ಮನೆಯಲ್ಲಿ ಎಷ್ಟೆಂಬುದು ತಿಳಿಯದು. ಬೆನ್ನುಹುರಿಯ ದ್ರವವೂ ಹಾಗೆಯೇ. ಈ ರೋಗದಲ್ಲಿ ಮೊದಲು ಸಾಯುವುದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳು. ಬೆನ್ನಿನಿಂದ ಹೋದ ಔಷಧಿ ಮೆದುಳಿನ ಹೊರಪದರವನ್ನು ತಲುಪುವಷ್ಟು ಸುಲಭವಾಗಿ ಆ ಆಳವನ್ನು ತಲುಪುವುದಿಲ್ಲ.

ತಗ್ಗಿದ್ದು ಯಾವುದು? ಟೊಮಿನರ್ಸೆನ್ ಸರಿಯಾದ ಪ್ರತಿ, ದೋಷಯುಕ್ತ ಪ್ರತಿ ಎಂದು ಭೇದ ಮಾಡದೆ ಎರಡನ್ನೂ ತಗ್ಗಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ದೋಷಯುಕ್ತ ಜೀನ್‌ನಿಂದ ಪೂರ್ಣ ಸಂದೇಶದ ಜೊತೆಗೆ, ಮೊದಲ ಭಾಗವಷ್ಟೇ ಇರುವ ಮೊಟಕು ಸಂದೇಶವೂ ತಯಾರಾಗುತ್ತದೆಂದು 2013ರಲ್ಲಿ ತಿಳಿಯಿತು. ಬಹುಬೇಗ ಗಂಟುಕಟ್ಟುವುದು ಈ ಮೊಟಕು ಪ್ರೋಟೀನೇ. ಟೊಮಿನರ್ಸೆನ್ ಅಂಟಿಕೊಳ್ಳುವುದು ಸಂದೇಶದ ಬಹು ಮುಂದಿನ ಭಾಗಕ್ಕೆ. ಆ ಭಾಗವೇ ಇಲ್ಲದ ಮೊಟಕು ಸಂದೇಶ ಅದರಿಂದ ತಪ್ಪಿಸಿಕೊಳ್ಳುತ್ತದೆ.

ತಗ್ಗಿಸಿದ್ದು ಯಾವಾಗ? 2025ರ ಜನವರಿಯಲ್ಲಿ ಹ್ಯಾಂಡ್ಸೇಕರ್, ಮೆಕ್‌ಕ್ಯಾರೊಲ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇಲ್ಲಿ ಮುಖ್ಯ. ಹುಟ್ಟುವಾಗ 40ರ ಆಸುಪಾಸಿನಲ್ಲಿದ್ದ ಸಿಎಜಿ ಪುನರಾವರ್ತನೆ ಸ್ಟ್ರಯೇಟಮ್‌ನ ನರಕೋಶಗಳಲ್ಲಿ ದಶಕಗಳ ಕಾಲ ನಿಧಾನವಾಗಿ ಬೆಳೆಯುತ್ತದೆ, 80 ದಾಟಿದ ಮೇಲೆ ವೇಗ ಹೆಚ್ಚುತ್ತದೆ, 150 ಮೀರಿದ ಮೇಲಷ್ಟೇ ಕೋಶ ಕೆಡುತ್ತದೆ ಎಂಬುದು ಅವರ ತೀರ್ಮಾನ. ಇದು ಸರಿಯಾದರೆ, ಯಾವುದೇ ಒಂದು ದಿನದಂದು ನಿಜವಾಗಿ ಅಪಾಯಕಾರಿ ಪ್ರೋಟೀನು ತಯಾರಿಸುತ್ತಿರುವ ಕೋಶಗಳು ಕೆಲವೇ. ಆಗ ನಲ್ಲಿಗಿಂತ ಆ ಪುನರಾವರ್ತನೆಯ ಬೆಳವಣಿಗೆಯನ್ನು ತಡೆಯುವುದೇ ಮೇಲಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಚರ್ಚೆ ಮುಗಿದಿಲ್ಲ. ಇಂಥ ಸಂಶೋಧನೆ ಸಾಧ್ಯವಾದದ್ದು ತೀರಿಕೊಂಡವರ ಕುಟುಂಬಗಳು ದಾನ ಮಾಡಿದ ಮೆದುಳುಗಳಿಂದ ಎಂಬುದನ್ನು ಮರೆಯಬಾರದು. ಅಂಥ ದಾನವನ್ನು ಸ್ವೀಕರಿಸಿ ಸಂಶೋಧನೆಗೆ ಕಾಪಿಡುವ ಮೆದುಳು ಭಂಡಾರ ನಮ್ಮ ನಿಮ್ಹಾನ್ಸ್‌ನಲ್ಲಿ 1995ರಿಂದ ಇದೆ.

ಇನ್ನೊಂದು ರೋಗದ ಸಾಕ್ಷ್ಯ

ಟೊಮಿನರ್ಸೆನ್ ಸೋತಿತೆಂದು ಇಡೀ ಮಾರ್ಗವನ್ನೇ ತಳ್ಳಿಹಾಕುವುದೂ ಅವಸರವಾಗುತ್ತದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಬಾಧಿಸಿದ ಎಎಲ್‌ಎಸ್ ಎಂಬ ರೋಗದ ಹೆಸರು ಕೇಳಿದ್ದೀರಿ. ಅದರ ರೋಗಿಗಳಲ್ಲಿ ಸುಮಾರು ಶೇಕಡಾ 2 ಮಂದಿಗೆ ಎಸ್‌ಒಡಿ1 ಎಂಬ ಜೀನ್‌ನ ದೋಷ ಕಾರಣ. ಆ ಪ್ರೋಟೀನನ್ನು ತಗ್ಗಿಸುವ ಟೊಫರ್ಸೆನ್ ಎಂಬ ಆಂಟಿಸೆನ್ಸ್ ಔಷಧಿಯನ್ನು 108 ಜನರಲ್ಲಿ 28 ವಾರ ಪರೀಕ್ಷಿಸಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪ್ರೋಟೀನು ತಗ್ಗಿತು. ರೋಗಿಗಳ ದೈಹಿಕ ಸಾಮರ್ಥ್ಯದಲ್ಲಿ ಮಾತ್ರ ಹುಸಿಮದ್ದಿನವರಿಗೂ ಇವರಿಗೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ನರಗಳು ಹಾಳಾದಾಗ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ವಸ್ತು ಸ್ಪಷ್ಟವಾಗಿ ಇಳಿಯಿತು. ಅದರ ಆಧಾರದ ಮೇಲೆ 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಷರತ್ತಿನ ಅನುಮೋದನೆ ಕೊಟ್ಟಿತು.

ಇಲ್ಲಿ ಅಳತೆಯ ಮೆಟ್ಟಿಲುಗಳು ಮೂರು: ಪ್ರೋಟೀನು, ನರಗಳ ಹಾನಿಯ ಸೂಚಕ, ರೋಗಿಯ ಬದುಕು. ಟೊಮಿನರ್ಸೆನ್ ಮೊದಲ ಮೆಟ್ಟಿಲಲ್ಲೇ ನಿಂತಿತು. ಟೊಫರ್ಸೆನ್ ಎರಡನೆಯದನ್ನು ಹತ್ತಿತು. ಸುದ್ದಿ ಓದುವಾಗ ನಾವು ಯಾವ ಮೆಟ್ಟಿಲಿನ ಬಗ್ಗೆ ಓದುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಶೇಕಡಾ 75ರ ಲೆಕ್ಕ

ಈಗ ನನ್ನ ವಿದ್ಯಾರ್ಥಿಯ ಪತ್ರಿಕೆಯ ತುಣುಕಿಗೆ ಬರೋಣ. ಎಎಂಟಿ-130 ಎಂಬ ಚಿಕಿತ್ಸೆಯಲ್ಲಿ ಮೈಕ್ರೋ ಆರ್‌ಎನ್‌ಎ ತಯಾರಿಸುವ ಒಂದು ಜೀನನ್ನು ನಿರುಪದ್ರವಿ ವೈರಸ್ಸಿನಲ್ಲಿಟ್ಟು, ತಲೆಬುರುಡೆಗೆ ರಂಧ್ರ ಕೊರೆದು, ನೇರವಾಗಿ ಸ್ಟ್ರಯೇಟಮ್‌ಗೆ ಸೇರಿಸುತ್ತಾರೆ. ಇದರ ಗುರಿ ಸಂದೇಶದ ಮೊದಲ ಭಾಗ. ಆದ್ದರಿಂದ ಮೊಟಕು ಸಂದೇಶವೂ ತಪ್ಪಿಸಿಕೊಳ್ಳುವಂತಿಲ್ಲ. 'ಎಲ್ಲಿ' ಮತ್ತು 'ಯಾವುದು' ಎಂಬ ಎರಡು ಪ್ರಶ್ನೆಗಳಿಗೆ ಇದು ಹಿಂದಿನದಕ್ಕಿಂತ ಉತ್ತಮ ಉತ್ತರ. ಒಮ್ಮೆ ಮಾಡಿದರೆ ಸಾಕೆಂಬುದು ಅನುಕೂಲ. ಬೇಡವೆನಿಸಿದರೆ ಹಿಂದೆಗೆಯಲಾಗದು ಎಂಬುದು ಅದೇ ಅನುಕೂಲದ ಇನ್ನೊಂದು ಮುಖ. ಇದೂ ಎರಡು ಪ್ರತಿಗಳನ್ನೂ ತಗ್ಗಿಸುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಪ್ರಕಟಿಸಿದ ಅಂಕಿಗಳು ಹೀಗಿವೆ. ಚಲನೆ, ಆಲೋಚನೆ, ದಿನನಿತ್ಯದ ಕೆಲಸ ಇವುಗಳನ್ನು ಒಟ್ಟುಗೂಡಿಸಿದ ಒಂದು ಅಂಕದಲ್ಲಿ ಹೆಚ್ಚು ಪ್ರಮಾಣ ಪಡೆದವರ ಸರಾಸರಿ ಮೂರು ವರ್ಷದಲ್ಲಿ 0.38ರಷ್ಟು ಕುಸಿಯಿತು. ಹೋಲಿಕೆಯ ಗುಂಪಿನದು 1.52ರಷ್ಟು ಕುಸಿಯಿತು. ವ್ಯತ್ಯಾಸ 1.14. ಅದನ್ನು 1.52ರಿಂದ ಭಾಗಿಸಿದರೆ 0.75. ಶೇಕಡಾ 75 ಬಂದದ್ದು ಹೀಗೆ. ಇದು ಕುಸಿತದ ದರದ ಮಾತು. ಎಷ್ಟು ಜನಕ್ಕೆ ವಾಸಿಯಾಯಿತೆಂಬ ಎಣಿಕೆ ಇದರಲ್ಲಿಲ್ಲ. ಸರಾಸರಿಯಲ್ಲಿ ಅವರೂ ಕುಸಿಯುತ್ತಲೇ ಇದ್ದಾರೆ, ಆದರೆ ನಿಧಾನವಾಗಿ. ಮಗಳ ಮದುವೆಯನ್ನು ನೋಡಬೇಕೆನ್ನುವವರಿಗೆ ಆ ನಿಧಾನವೇ ದೊಡ್ಡ ವರ. ನ್ಯೂರೋಫಿಲಮೆಂಟ್ ಕೂಡ ಏರುವ ಬದಲು ಆರಂಭದ ಮಟ್ಟಕ್ಕಿಂತ ಸರಾಸರಿ ಶೇಕಡಾ 8ರಷ್ಟು ಕೆಳಗಿತ್ತು. ಫಲಿತಾಂಶ ಆಶಾದಾಯಕವೆಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ಅನುಮಾನ ಹೋಲಿಕೆಯ ಬಗ್ಗೆ. ಮೂರು ವರ್ಷ ಪೂರೈಸಿದ ಆ ಗುಂಪಿನಲ್ಲಿದ್ದವರು 12 ಜನ. ಹೋಲಿಕೆಗೆ ಬಳಸಿದ್ದು ಬೇರೆಡೆ ವರ್ಷಗಳಿಂದ ಸಂಗ್ರಹಿಸಿದ್ದ ರೋಗಿಗಳ ದಾಖಲೆಗಳನ್ನು. ವಯಸ್ಸು, ರೋಗದ ಹಂತ ಇತ್ಯಾದಿ ಹೊಂದಿಸಿ ಆರಿಸಿಕೊಂಡಿದ್ದಾರೆ, ನಿಜ. ಆದರೂ ಮೆದುಳಿನ ಶಸ್ತ್ರಕ್ರಿಯೆಗೆ ಧೈರ್ಯಮಾಡಿ ಮುಂದೆ ಬಂದವರೂ ದಾಖಲೆಯಲ್ಲಿರುವವರೂ ಎಲ್ಲ ರೀತಿಯಲ್ಲೂ ಸಮಾನರೆಂದು ಹೇಳುವುದು ಕಷ್ಟ. ಚಿಕಿತ್ಸೆ ಪಡೆದೆನೆಂಬ ಭರವಸೆಯೂ ಅಂಕವನ್ನು ಒಂದಿಷ್ಟು ಎತ್ತಬಲ್ಲದು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿಯೇ ತಿಳಿಸಿದಂತೆ, ಇಂಥ ಹೊರಗಿನ ಹೋಲಿಕೆ ಅನುಮೋದನೆಯ ಅರ್ಜಿಗೆ ಸಾಕೆಂಬ ನಿಲುವಿನಿಂದ ಅಮೆರಿಕದ ಸಂಸ್ಥೆ ಹಿಂದೆ ಸರಿಯಿತು. ಸೆಪ್ಟೆಂಬರ್‌ನ ಸುದ್ದಿ ತಂದ ಹುಡುಗನಿಗೆ ನವೆಂಬರ್‌ನ ಸುದ್ದಿ ತಿಳಿದೇ ಇರಲಿಲ್ಲ. ನನ್ನ ದೂರು ಇದೇ. ಆಸೆ ಹುಟ್ಟಿಸುವ ಸುದ್ದಿಗೆ ಮುಖಪುಟ, ಅದನ್ನು ತಿದ್ದುವ ಸುದ್ದಿಗೆ ಮೂಲೆಯೂ ಇಲ್ಲ.

ತೂಬಿನ ಕಡೆಯ ದಾರಿ

ತೊಟ್ಟಿಯ ಲೆಕ್ಕದಲ್ಲಿ ತೂಬೂ ಇತ್ತಲ್ಲವೇ? ಆ ಕಡೆಯ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ತಂಡ ಅಧ್ಯಯನ ಮಾಡುವುದು ಆಟೋಫೇಜಿಯನ್ನು, ಅಂದರೆ ಜೀವಕೋಶ ತನ್ನೊಳಗಿನ ಕಸವನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆಯನ್ನು. ಈ ಕ್ರಿಯೆಯ ಗುಟ್ಟು ಬಿಡಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಂತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟುಕಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನನ್ನು ತೊಲಗಿಸಲು 6-ಬಯೊ ಎಂಬ ಸಣ್ಣ ಅಣು ಆಟೋಫೇಜಿಯನ್ನು ಚುರುಕುಗೊಳಿಸುತ್ತದೆಂದು ಜಕ್ಕೂರಿನ ತಂಡ 2017ರಲ್ಲಿ ಪ್ರಕಟಿಸಿತು. ಸಮುದ್ರದ ಶಂಖಜೀವಿಗಳಿಂದ ಹಿಂದೆ ತೆಗೆಯುತ್ತಿದ್ದ ನೇರಳೆ ಬಣ್ಣಕ್ಕೆ ಬಂಧುವಾದ ಅಣು ಅದು. ಪ್ರಯೋಗ ನಡೆದದ್ದು ಯೀಸ್ಟ್, ಬೆಳೆಸಿದ ಜೀವಕೋಶ ಮತ್ತು ಇಲಿಗಳಲ್ಲಿ. 2017ರ ಸಂಭ್ರಮದಿಂದ ನಾವು ಪಾಠ ಕಲಿತಿದ್ದರೆ, ನಮ್ಮೂರಿನ ಕೆಲಸವೆಂಬ ಹೆಮ್ಮೆಯಲ್ಲಿ ಇದನ್ನೂ ಔಷಧಿಯೆಂದು ಕರೆಯಬಾರದು.

ಅಧ್ಯಾಪಕರಲ್ಲಿ ಒಂದು ಮಾತು

ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ಅದನ್ನು ತರಗತಿಗೆ ಒಯ್ಯಿರಿ. ಅಳೆದದ್ದು ಏನನ್ನು, ಎಲ್ಲಿ? ಎಷ್ಟು ಜನರಲ್ಲಿ? ಯಾರೊಂದಿಗೆ ಹೋಲಿಸಿ? ಶೇಕಡಾವಾರು ಯಾವುದರ ಮೇಲೆ? ಹೇಳುತ್ತಿರುವವರು ಯಾರು? ಈ ಐದು ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಹುಡುಕಲಿ. ಉತ್ತರ ಸುದ್ದಿಯಲ್ಲಿ ಇಲ್ಲದಿದ್ದರೆ 'ಇಲ್ಲ' ಎಂದು ಕಪ್ಪುಹಲಗೆಯ ಮೇಲೆ ಬರೆಯಲಿ. ಹತ್ತನೆಯ ತರಗತಿಯ ಗಣಿತ ಇದಕ್ಕೆ ಸಾಕು.

ಆ ಹುಡುಗನಿಗೆ ನಾನು ಏನು ಹೇಳಿದೆನೆಂದು ನೀವು ಕೇಳಬಹುದು. ಕಾಗದದ ಮೇಲೆ 0.38, 1.52 ಎಂದು ಬರೆದು ಭಾಗಾಕಾರ ಮಾಡಿಸಿದೆ. ಅವನ ಮುಖ ಸಪ್ಪಗಾಯಿತು. ನವೆಂಬರ್ ಕಳೆದ ಮೇಲೆ ಫೋನು ಮಾಡಿ ಉಳಿದದ್ದನ್ನೂ ತಿಳಿಸಿದೆ. ಹಂಟಿಂಗ್ಟಿನ್ ತಗ್ಗಿಸುವ ಯಾವ ಔಷಧಿಗೂ 2025ರ ಕೊನೆಯವರೆಗೆ ಅನುಮೋದನೆ ಸಿಕ್ಕಿರಲಿಲ್ಲ. ತಾಯಿಗೆ ಈಗ ಬೇಕಾದದ್ದು ಕೈಕಾಲಿನ ಅಲುಗಾಟ ತಗ್ಗಿಸುವ ಮಾತ್ರೆ, ಬೀಳದಂತೆ ಆಸರೆ, ನುಂಗಲು ಸುಲಭವಾದ ಆಹಾರ, ಜೊತೆಗೆ ಮನೆಯವರ ತಾಳ್ಮೆ. ಅವನು ತನ್ನ ರಕ್ತವನ್ನು ಇನ್ನೂ ಪರೀಕ್ಷೆ ಮಾಡಿಸಿಲ್ಲ. ಮಾಡಿಸಬೇಕೇ ಬೇಡವೇ ಎಂಬುದು ಅವನದೇ ತೀರ್ಮಾನ. ಆದರೆ ಮೊದಲು ತಳಿವಿಜ್ಞಾನದ ಆಪ್ತಸಲಹೆ ಪಡೆಯಬೇಕೆಂದಷ್ಟೇ ಹೇಳಿದೆ.

"ತಪ್ಪು ತಿಳಿದುಕೊಂಡಿದ್ದೆ ಸರ್, ಆದರೆ ಆ ಒಂದು ತಿಂಗಳು ಚೆನ್ನಾಗಿ ನಿದ್ದೆ ಬಂತು" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಸುದ್ದಿಯನ್ನು ಬರೆಯುವವರೂ ಪಾಠ ಹೇಳುವವರೂ ಆ ಒಂದು ತಿಂಗಳ ನಿದ್ದೆಯನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.